ಮೂರು ಭಾಷೆಯ ಸಾಲಿ, ಒಬ್ಬ ಡ್ರಾಯಿಂಗ್ ಮಾಸ್ತರ

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಮಹಾರಾಷ್ಟ್ರದ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಬರುತ್ತದೆ. ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಎಂದು ಅದಕ್ಕೆ ಎರಡು ಮೆಟ್ಟಿಲು. ಕರ್ನಾಟಕದ ಗಡಿಗೆ ಹೊಂದಿದ ಉಮರ್ಗಾ, ನಿಲಂಗಾ, ಉದಗೀರಗಳ ಶಾಲೆಗಳಲ್ಲೂ ಹುಡುಗ ಹುಡುಗಿಯರು ಮೇಜಿನ ಮೇಲಿಟ್ಟ ತಂಬಿಗೆ, ಪುಸ್ತಕ, ಬದನೆಕಾಯಿಯ ಸುತ್ತ ಬೋರ್ಡು ಹಿಡಿದು ಕೂರುತ್ತಾರೆ. ಒಂದು ಕಣ್ಣು ಮುಚ್ಚಿ, ಕೈ ನೆಟ್ಟಗೆ ಚಾಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸುತ್ತ ತಂಬಿಗೆಯ ಎತ್ತರ ಅಳೆಯುತ್ತಾರೆ. ಅವರಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಅವ್ವನೊಂದಿಗೆ ಕನ್ನಡ ಮಾತಾಡಿ, ಓಣಿಯಲ್ಲಿ ದಖನಿ ಉರ್ದು ಕೇಳಿ, ಶಾಲೆಯಲ್ಲಿ ಮರಾಠಿ ಬರೆಯುವವರು. ಅವರ ಅಜ್ಜ ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದರೆ ಅವನು ಓದಿದ್ದು ಉರ್ದುವಿನಲ್ಲಿ. ಮೂರು ತಲೆಮಾರಿನಲ್ಲಿ ಪಾಠದ ಭಾಷೆ ಬದಲಾಯಿತು, ರಾಜ್ಯ ಬದಲಾಯಿತು, ಜಿಲ್ಲೆಯ ಹೆಸರೂ ಬದಲಾಯಿತು. ಮೇಜಿನ ಮೇಲಿನ ತಂಬಿಗೆ ಮಾತ್ರ ಅದೇ ಇದೆ.

ಆ ತಂಬಿಗೆಯನ್ನು ಅಲ್ಲಿ ತಂದಿಟ್ಟವನು ಡ್ರಾಯಿಂಗ್ ಮಾಸ್ತರ. ಈ ಸೀಮೆಯ ಇತಿಹಾಸ ಬರೆದವರು ಕೋಟೆ, ಕಾಳಗ, ಮಠ, ಚಳವಳಿಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರನ ಬಗ್ಗೆ ಬರೆದದ್ದು ಬಹಳ ಕಡಿಮೆ. ಅವನ ಕೈಬರಹದ ಬೋರ್ಡುಗಳನ್ನು ಓದುತ್ತಲೇ ಈ ಊರುಗಳು ಬೆಳೆದವು ಎಂಬುದನ್ನು ನೆನೆದರೆ ಇದು ದೊಡ್ಡ ಲೋಪ.

ಇಲ್ಲಿನ ಒಂದು ಮಾತಿನಿಂದಲೇ ಶುರು ಮಾಡಬಹುದು. ಮೈಸೂರು ಕಡೆಯವರು ಚಿತ್ರ 'ಬಿಡಿಸುತ್ತಾರೆ', 'ಬರೆಯುತ್ತಾರೆ'. ಬೀದರ, ಕಲಬುರಗಿ, ಉಮರ್ಗಾ ಕಡೆಯವರು ಚಿತ್ರ 'ತೆಗೆಯುತ್ತಾರೆ'. ಮರಾಠಿಯವರೂ 'ಕಾಢಣೆ' ಎನ್ನುತ್ತಾರೆ, ಅಂದರೆ ತೆಗೆಯುವುದೇ. ರಂಗೋಲಿಯನ್ನೂ ಹಾಗೇ ತೆಗೆಯುತ್ತಾರೆ. ಎರಡೂ ಭಾಷೆಯವರು ಚಿತ್ರವನ್ನು ಒಳಗೆಲ್ಲೋ ಇದ್ದ ವಸ್ತುವನ್ನು ಹೊರಗೆ ತಂದಂತೆ ಕಂಡಿದ್ದಾರೆ. ಗಡಿ ಕಲ್ಲುಗಳಿಗಿಂತ ಹಳೆಯದಾದ ನೆರೆಹೊರೆ ಇಂಥ ಮಾತುಗಳಲ್ಲಿ ಉಳಿದಿರುತ್ತದೆ.

ಆ ನೆರೆಹೊರೆ ಎಷ್ಟು ಹಳೆಯದು? ರಾಷ್ಟ್ರಕೂಟ ಅರಸರು ತಮ್ಮನ್ನು ಲಟ್ಟಲೂರು ಪುರವರಾಧೀಶ್ವರರೆಂದು ಕರೆದುಕೊಂಡರು. ಆ ಲಟ್ಟಲೂರೇ ಇಂದಿನ ಲಾತೂರು. ಉದಗೀರ, ನಿಲಂಗಾ ಎರಡೂ ಈಗ ಅದೇ ಜಿಲ್ಲೆಯ ತಾಲ್ಲೂಕುಗಳು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಹೇಳಿದ 'ಕವಿರಾಜಮಾರ್ಗ' ಹುಟ್ಟಿದ್ದು ಆ ವಂಶದ ಅಮೋಘವರ್ಷನ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ. ಕಲ್ಯಾಣದ ಚಾಲುಕ್ಯರ ರಾಜಧಾನಿ ಬಸವಕಲ್ಯಾಣ ಉಮರ್ಗಾದಿಂದ ಹೆದ್ದಾರಿ ಹಿಡಿದರೆ ಗಡಿಯಾಚೆ ಮೊದಲು ಸಿಗುವ ದೊಡ್ಡ ಊರು. ನಿಲಂಗಾದ ನೀಲಕಂಠೇಶ್ವರ ದೇವಾಲಯದ ಕಪ್ಪು ಕಲ್ಲಿನ ಕೆತ್ತನೆಯಲ್ಲಿ ಆ ಕಾಲದ ಶಿಲ್ಪಿಗಳ ಕೈಯನ್ನು ಇಂದಿಗೂ ನೋಡಬಹುದು. ಔಸಾ–ನಿಲಂಗಾ ದಾರಿಯ ಖರೋಸಾ ಗುಹೆಗಳು ಅದಕ್ಕೂ ಹಳೆಯವು. ಚಿತ್ರಕಲೆ ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಪೆನ್ಸಿಲು, ಹಾಳಿ ಕೊಟ್ಟು ಆ ಕಲ್ಲಿನ ಮುಂದೆ ಕೂರಿಸುವ ಮಾಸ್ತರ ಬೇಕು, ಅಷ್ಟೇ.

ಅಂಥ ಮಾಸ್ತರನೆಂಬ ಹುದ್ದೆ ಹುಟ್ಟಿದ್ದು ದೂರದ ಮುಂಬೈಯಲ್ಲಿ.

ಜಮ್ಶೇಟ್‌ಜಿ ಜೀಜೀಭಾಯಿ ಎಂಬ ಪಾರ್ಸಿ ವರ್ತಕ ಕೊಟ್ಟ ಒಂದು ಲಕ್ಷ ರೂಪಾಯಿ ದಾನದಿಂದ 1857ರಲ್ಲಿ ಮುಂಬೈಯಲ್ಲಿ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಶುರುವಾಯಿತು. 1865ರಲ್ಲಿ ಲಾಕ್‌ವುಡ್ ಕಿಪ್ಲಿಂಗ್ ಅಲ್ಲಿಗೆ ಪಾಠ ಹೇಳಲು ಬಂದರು. ಅವರ ಮಗ, ಕತೆಗಾರ ರಡ್ಯಾರ್ಡ್ ಕಿಪ್ಲಿಂಗ್ ಅದೇ ವರ್ಷ ಆ ಆವರಣದಲ್ಲೇ ಹುಟ್ಟಿದ. 1879ರಲ್ಲಿ ಡ್ರಾಯಿಂಗ್ ಎಂಬುದು ಕಲಿಸುವ ವಿಷಯವಾಗಿ ಜಾರಿಗೆ ಬಂತು. 1893ರಲ್ಲಿ ಡ್ರಾಯಿಂಗ್ ಶಿಕ್ಷಕರ ತರಬೇತಿಯೂ ಶುರುವಾಯಿತು. ಉತ್ತರ ಕರ್ನಾಟಕದ ಮತ್ತು ಮಹಾರಾಷ್ಟ್ರದ ಊರೂರಿನಲ್ಲಿ ಕಂಡುಬಂದ, ಕೋಟು ಟೋಪಿ ಧರಿಸಿ ಕೈಯಲ್ಲಿ ಬಣ್ಣದ ಸೀಮೆಸುಣ್ಣ ಹಿಡಿದ ಆ ಮಾಸ್ತರನ ವಂಶಾವಳಿ ಈ ಕೊನೆಯ ಎರಡು ಇಸವಿಗಳಿಂದ ಹೊರಡುತ್ತದೆ.

ಕಲಿಸುವ ಕ್ರಮ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಿಂದ ಬಂದದ್ದು. ಕಾರ್ಖಾನೆಯ ಸರಕಿಗೆ ಒಳ್ಳೆಯ ನಮೂನೆ ತೆಗೆಯುವ ಕುಶಲಕರ್ಮಿಗಳನ್ನು ತಯಾರಿಸಲು ಹೆನ್ರಿ ಕೋಲ್ ಮತ್ತು ಅವರ ಸಂಗಡಿಗರು 19ನೇ ಶತಮಾನದ ನಡುವೆ ರೂಪಿಸಿದ ಪದ್ಧತಿ ಅದು. ಮೊದಲು ಗೆರೆ, ಆಮೇಲೆ ಅಚ್ಚಿನ ಚಿತ್ರದ ನಕಲು, ಆಮೇಲೆ ಗೋಳ, ಘನ, ಶಂಕು, ಕೊನೆಗೆ ಬಣ್ಣ. ಮಗುವಿನ ಮನಸ್ಸಿನಲ್ಲೇನಿದೆ ಎಂದು ಅಲ್ಲಿ ಕೇಳುವವರಿರಲಿಲ್ಲ. ಕಣ್ಣು ನೆಟ್ಟಗಿದೆಯೇ, ಕೈ ಹಿಡಿತದಲ್ಲಿದೆಯೇ ಎಂಬುದನ್ನಷ್ಟೇ ನೋಡುತ್ತಿದ್ದರು. ಒಣ ಪದ್ಧತಿ ಎಂದು ಅದನ್ನು ಬೈದವರು ಬಹಳ ಮಂದಿ, ಬೈಗುಳದಲ್ಲಿ ಸತ್ಯವೂ ಇದೆ. ಆದರೂ ಆ ಒಣ ಅಭ್ಯಾಸದಿಂದ ಬಡ ಊರಿನ ಹುಡುಗನಿಗೆ ಒಂದು ಹೊಟ್ಟೆಪಾಡಿನ ವಿದ್ಯೆ ಸಿಕ್ಕಿತು ಎಂಬುದನ್ನು ಮರೆತು ಬೈಯುವುದು ನ್ಯಾಯವಲ್ಲ.

ಪರೀಕ್ಷೆಯ ಪತ್ರಿಕೆಗಳನ್ನೇ ನೋಡಿ. ಮರಾಠಿಯಲ್ಲಿ ವಸ್ತುಚಿತ್ರ, ಸ್ಥಿರಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಭೂಮಿತಿ ಮತ್ತು ಅಕ್ಷರಲೇಖನ ಎಂದು ಕರೆಯುತ್ತಾರೆ. ಈ ಶಬ್ದಗಳೆಲ್ಲ ಗಡಿಯ ಕನ್ನಡ ಮಕ್ಕಳ ಬಾಯಲ್ಲೂ ಸಲೀಸಾಗಿ ಓಡಾಡುತ್ತವೆ. ವಸ್ತುಚಿತ್ರದಲ್ಲಿ ತಂಬಿಗೆಯ ಬಾಯೇ ಎಲ್ಲಕ್ಕಿಂತ ಕಷ್ಟ. ನಡುಗೆರೆ ಮೊದಲು ಎಳೆಯಬೇಕು, ಎಡಬಲ ಎರಡೂ ತೂಗಬೇಕು. ಬಾಯಿಯ ಅಂಡಾಕಾರ ಚಪ್ಪಟೆಯಾಗಿದ್ದರೆ ತಳದ್ದು ಅದಕ್ಕಿಂತ ದುಂಡಗಿರಬೇಕು, ಏಕೆಂದರೆ ತಳ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ಇದನ್ನು ಹೇಳಿಕೊಟ್ಟ ದಿನ ಮಗು ತನ್ನ ಮನೆಯ ಕೊಡ, ಹಂಡೆ, ಬಾವಿಯ ಕಟ್ಟೆಗಳನ್ನೆಲ್ಲ ಹೊಸದಾಗಿ ನೋಡತೊಡಗುತ್ತದೆ. ಸ್ಮರಣಚಿತ್ರಕ್ಕೆ ಸಂತೆ, ಜಾತ್ರೆ, ಬಸ್ ನಿಲ್ದಾಣ, ಹಬ್ಬದಂಥ ವಿಷಯ ಬರುತ್ತದೆ. ಕಂಡದ್ದನ್ನು ನೆನಪಿನಿಂದ ತೆಗೆಯಬೇಕು. ಸಂಕಲ್ಪಚಿತ್ರದಲ್ಲಿ ಚೌಕ ಅಥವಾ ವರ್ತುಲದೊಳಗೆ ಹೂ ಬಳ್ಳಿ ತುಂಬಿಸಿ ಬಣ್ಣವನ್ನು ಒಂದೇ ಹದದಲ್ಲಿ ಕೂರಿಸಬೇಕು.

ಆದರೆ ಈ ಸೀಮೆಯ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಯಾರೂ ಕಲೆಯೆಂದು ಎಣಿಸದ ಪತ್ರಿಕೆ: ಭೂಮಿತಿ ಮತ್ತು ಅಕ್ಷರಲೇಖನ. ಬಡಿಗರ, ಕಮ್ಮಾರರ, ಗೌಂಡಿಗಳ ಮಕ್ಕಳಿಗೆ ಮನೆಯಲ್ಲಿ ಕೈ ಕಲಿತದ್ದು ಇಲ್ಲಿ ಕಾಗದದ ಮೇಲೆ ಲೆಕ್ಕವಾಗಿ ಕಂಡಿತು. ಅಕ್ಷರಲೇಖನ ಕಲಿತವನು ಸ್ಕೇಲಿನಲ್ಲಿ ಮನೆ ಹಾಕಿ, ಅಕ್ಷರದ ದಪ್ಪ ಅಳೆದು, ಅಂತರ ತೂಗಿ ಬೋರ್ಡು ಬರೆಯಬಲ್ಲವನಾದ. ಊರಿನ ಅಂಗಡಿ, ದವಾಖಾನೆ, ಗಿರಣಿ, ಬ್ಯಾಂಕು, ಸಹಕಾರಿ ಸಂಘ, ಕೊನೆಗೆ ಎತ್ತಿನ ಗಾಡಿಯ ಹಲಗೆಯ ಮೇಲಿನ ಹೆಸರಿನವರೆಗೆ ಎಲ್ಲ ಕೆಲಸವೂ ಈ ಪತ್ರಿಕೆಯಿಂದ ಹೊರಟ ಕೈಗಳದ್ದು.

ಬ್ರಿಟಿಷರ ಮುಂಬೈ ಪ್ರಾಂತ್ಯದ ಈ ಏರ್ಪಾಡು ಮೊದಲಿಗೆ ಉಮರ್ಗಾ, ನಿಲಂಗಾ, ಉದಗೀರಗಳಿಗೆ ನೇರವಾಗಿ ಸೇರುವಂತಿರಲಿಲ್ಲ. ಸೊಲ್ಲಾಪುರ ಬ್ರಿಟಿಷರದ್ದು, ಅಕ್ಕಲಕೋಟೆ ಸಂಸ್ಥಾನಿಕರದ್ದು, ಇತ್ತ ಇವು ಮೂರೂ ಹೈದರಾಬಾದ್ ನಿಜಾಮನವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ಉದಗೀರ, ನಿಲಂಗಾ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ನಿಜಾಮನ ರಾಜ್ಯದಲ್ಲಿ ಹೈಸ್ಕೂಲುಗಳೇ ವಿರಳ, ಇದ್ದವುಗಳ ಪಾಠ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದು. ಕನ್ನಡ, ಮರಾಠಿ, ತೆಲುಗು ಮನೆಯ ಮಗು ಮೊದಲು ಇನ್ನೊಂದು ಭಾಷೆಯ ಹೊಳೆ ದಾಟಿ, ಆಮೇಲೆ ಗಣಿತಕ್ಕೆ, ಭೂಗೋಳಕ್ಕೆ ಕೈ ಹಚ್ಚಬೇಕಿತ್ತು.

ಉದಗೀರದಿಂದ ಬೀದರದ ಕಡೆ ಹೊರಟ ರೈಲು ನಿಲ್ಲುವ ಊರುಗಳಲ್ಲಿ ಕಮಲನಗರವೂ ಒಂದು. ಭಾಲ್ಕಿಯ ಮಠಾಧೀಶ ಚನ್ನಬಸವ ಪಟ್ಟದ್ದೇವರು ಹುಟ್ಟಿದ ಊರು ಅದು. 1930ರ ದಶಕದಲ್ಲಿ ಅವರು ಅಲ್ಲಿ ಶಾಂತಿವರ್ಧಕ ಶಾಲೆ ನಡೆಸಿದ ಕತೆ ಬೀದರ ಸೀಮೆಯಲ್ಲಿ ಎಲ್ಲರಿಗೂ ಗೊತ್ತು: ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ಆ ಕತೆಯನ್ನು ಎಲ್ಲರೂ ಭಾಷೆಯ ಕತೆಯಾಗಿ ಹೇಳುತ್ತಾರೆ, ಸರಿಯೇ. ಬೋರ್ಡಿನ ಕತೆಯಾಗಿಯೂ ಅದನ್ನು ನೋಡಬೇಕು. ಅಧಿಕಾರ ಮೊದಲು ಓದುವುದು ಬೋರ್ಡನ್ನು. ಈ ಸೀಮೆಯಲ್ಲಿ ಅಕ್ಷರ ಬರೆಯುವವನಿಗೆ ಮೂರು ಲಿಪಿ ಬರಬೇಕಾಗಿತ್ತು: ಬಲದಿಂದ ಎಡಕ್ಕೆ ಹರಿಯುವ ಉರ್ದು, ಮೇಲೆ ಗೆರೆ ಎಳೆದುಕೊಂಡ ಮರಾಠಿಯ ಬಾಳಬೋಧ, ದುಂಡಗೆ ತಲೆಕಟ್ಟು ಹೊತ್ತ ಕನ್ನಡ. ಮೂರರ ಕುಂಚದ ನಡಿಗೆಯೂ ಬೇರೆ ಬೇರೆ.

ಈ ಊರುಗಳಿರುವ ಮರಾಠವಾಡದಲ್ಲೇ, ಇದೇ ನಿಜಾಮನ ಹದ್ದಿನಲ್ಲಿ ಅಜಂತಾ ಇತ್ತು ಎಂಬುದನ್ನು ಇಲ್ಲಿ ನೆನೆಯಲೇಬೇಕು. ಜೆ.ಜೆ. ಸ್ಕೂಲಿನ ಜಾನ್ ಗ್ರಿಫಿತ್ಸ್ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1872ರಿಂದ 1885ರವರೆಗೆ ಅಲ್ಲಿನ ಭಿತ್ತಿಚಿತ್ರಗಳ ನಕಲು ಮಾಡಿಸಿದರು. ಲಂಡನ್ನಿಗೆ ಕಳಿಸಿದ ಆ ಪ್ರತಿಗಳಲ್ಲಿ ಬಹಳಷ್ಟು 1885ರಲ್ಲಿ ಬೆಂಕಿಗೆ ಆಹುತಿಯಾದವು. 1914ರಲ್ಲಿ ನಿಜಾಮನ ಪುರಾತತ್ವ ಇಲಾಖೆ ಶುರುವಾಗಿ, ಗುಲಾಂ ಯಜ್ದಾನಿ ಅದರ ಮುಖ್ಯಸ್ಥರಾಗಿ, ಮುಂದೆ ಇಟಲಿಯಿಂದ ಕುಶಲಿಗರನ್ನು ಕರೆಸಿ ಚಿತ್ರಗಳನ್ನು ಉಳಿಸುವ ಕೆಲಸ ಮಾಡಿಸಿದರು. ಜಗತ್ತು ಅಜಂತಾದ ಕಡೆ ನೋಡುತ್ತಿತ್ತು. ಅದೇ ಸೀಮೆಯ ಹಳ್ಳಿ ಮಕ್ಕಳಿಗೆ ಡ್ರಾಯಿಂಗ್ ಹಾಳಿಯೇ ಅಪರೂಪದ ವಸ್ತುವಾಗಿತ್ತು.

ಆದರೂ ದಾರಿ ಹುಡುಕಿಕೊಂಡವರಿದ್ದರು. ಅವರಲ್ಲಿ ದೊಡ್ಡ ಹೆಸರು ಕಲಬುರಗಿಯ ಎಸ್.ಎಂ. ಪಂಡಿತರದು. 1916ರಲ್ಲಿ ಕಲಬುರಗಿಯ ಪಾಂಚಾಳರ ಮನೆಯಲ್ಲಿ, ಲೋಹದ ಕೆಲಸದ ಸದ್ದಿನ ನಡುವೆ ಹುಟ್ಟಿದ ಹುಡುಗ. ಅವರಿಗೆ ಚಿತ್ರದ ಮೊದಲ ಪಾಠ ಹೇಳಿದವರು ಅದೇ ಊರಿನ ಶಂಕರರಾವ ಆಳಂದಕರ. ಮುಂಬೈ–ಮದರಾಸು ರೈಲು ದಾರಿ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತ್ತು, ಕಲಬುರಗಿ ಆ ದಾರಿಯ ಮೇಲೆಯೇ ಇತ್ತು. ಪಂಡಿತರು ಆ ದಾರಿಯ ಎರಡೂ ತುದಿಗಳನ್ನು ಮುಟ್ಟಿದರು: ಮೊದಲು ಮದರಾಸಿನ ಕಲಾಶಾಲೆಯ ಡಿಪ್ಲೊಮಾ, ಆಮೇಲೆ ಮುಂಬೈಯಲ್ಲಿ ಕನ್ನಡಿಗ ಜಿ.ಎಸ್. ದಂಡಾವತಿಮಠರ ನೂತನ ಕಲಾಮಂದಿರ ಮತ್ತು ಜೆ.ಜೆ. ಸ್ಕೂಲು. ಮುಂದೆ ಸಿನಿಮಾ ಪೋಸ್ಟರು, 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟ, ಕ್ಯಾಲೆಂಡರಿನ ದೇವರುಗಳು, ಪುರಾಣದ ದೊಡ್ಡ ದೊಡ್ಡ ತೈಲಚಿತ್ರಗಳಿಂದ ದೇಶದ ಮನೆಮನೆಯ ಗೋಡೆ ಸೇರಿದರು. 1993ರಲ್ಲಿ ತೀರಿಕೊಂಡ ಅವರ ಹೆಸರಿನ ಸಂಗ್ರಹಾಲಯ ಕಲಬುರಗಿಯಲ್ಲಿದೆ. ಪಂಡಿತರನ್ನು ಬಲ್ಲವರು ಸಾವಿರಾರು, ಆಳಂದಕರರ ಹೆಸರು ಬಲ್ಲವರು ಕೆಲವೇ ಮಂದಿ. ಊರ ಗುರುವಿನ ಪಾಲಿಗೆ ಬರುವುದು ಸಾಮಾನ್ಯವಾಗಿ ಇಷ್ಟೇ.

ದಂಡಾವತಿಮಠರ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಮುಂಬೈಯಲ್ಲಿ ಇಂಥ ಖಾಸಗಿ ಕಲಾಶಾಲೆಗಳು ಹಲವಿದ್ದವು. ಸಾವಂತವಾಡಿಯಿಂದ ಬಂದ ಎಸ್.ಎಲ್. ಹಳದಣಕರ 1908ರಲ್ಲಿ ಶುರು ಮಾಡಿದ್ದೂ ಅಂಥದ್ದೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪಕ್ಕೆ ಕೈ ಮರೆಮಾಡಿ ನಿಂತ ಹೆಣ್ಣಿನ ಚಿತ್ರದ ಮುಂದೆ ಮೈಮರೆತವರೆಲ್ಲ ಆತನ ಕೈಚಳಕವನ್ನು ಕಂಡಿದ್ದಾರೆ. ದೂರದೂರಿನ ಹುಡುಗರಿಗೆ ಜೆ.ಜೆ. ಎಂಬ ದೊಡ್ಡ ಬಾಗಿಲಿಗೆ ಹೋಗುವ ಮುನ್ನ ಇವು ಸಿಗುವ ಚಿಕ್ಕ ಬಾಗಿಲುಗಳಾಗಿದ್ದವು. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದ ಕೆ.ಕೆ. ಹೆಬ್ಬಾರರೂ ದಂಡಾವತಿಮಠರ ಬಾಗಿಲಿನಿಂದಲೇ ಒಳಗೆ ಬಂದವರು.

ಗಡಿ ಊರಿನಲ್ಲೇ ಉಳಿದು ದೊಡ್ಡವರಾದ ಮಾಸ್ತರರ ಮಾತು ಬಂದರೆ ಬೆಳಗಾವಿಯ ಕೆ.ಬಿ. ಕುಲಕರ್ಣಿಯವರನ್ನು ಹೆಸರಿಸದೆ ಇರಲಾಗದು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಾಗಿದ್ದ ಅವರು ಚಿತ್ರಮಂದಿರವೆಂಬ ಕಲಾಶಾಲೆ ಕಟ್ಟಿದರು. ರವಿ ಪರಾಂಜಪೆ, ಜಾನ್ ಫರ್ನಾಂಡಿಸ್ ಅವರ ಕೈಯಲ್ಲಿ ಕಲಿತು ಮುಂದೆ ದೊಡ್ಡ ಹೆಸರು ಮಾಡಿದರು. ಕನ್ನಡವೋ ಮರಾಠಿಯೋ ಎಂಬ ಜಗಳ ಬೀದಿಯಲ್ಲಿ ಎಷ್ಟೇ ಏರಿದರೂ ಬೆಳಗಾವಿಯ ಚಿತ್ರಕಾರರು ಎರಡೂ ಕಡೆಯವರು. ಉದಗೀರ, ಉಮರ್ಗಾಗಳಿಗೆ ಅಂಥ ಒಬ್ಬ ಕುಲಕರ್ಣಿ ಸಿಗಲಿಲ್ಲ ಎಂಬುದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಮುಂಬೈ ಪ್ರಾಂತ್ಯದಲ್ಲಿದ್ದ ಬೆಳಗಾವಿಗೆ ಅಲ್ಲಿನ ಪರೀಕ್ಷೆ, ಬ್ರಿಟಿಷ್ ದಂಡಿನ ಕ್ಯಾಂಪು, ಮುಂಬೈಯ ಒಡನಾಟ 19ನೇ ಶತಮಾನದಲ್ಲೇ ಒದಗಿತ್ತು. ಇಲ್ಲಿಗೆ ಅವು ಬರುವಾಗ ಸ್ವಾತಂತ್ರ್ಯವೇ ಬಂದಾಗಿತ್ತು.

ಸ್ವಾತಂತ್ರ್ಯವೂ ಇಲ್ಲಿ ಒಂದು ವರ್ಷ ತಡವಾಗಿ, 1948ರ ಸೆಪ್ಟೆಂಬರ್ 17ರಂದು ಬಂತು. ಎಂಟು ವರ್ಷಕ್ಕೆ, 1956ರ ನವೆಂಬರ್ 1ರಂದು, ಹೈದರಾಬಾದ್ ರಾಜ್ಯವೇ ಮೂರು ಪಾಲಾಯಿತು. ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಮುಂಬೈ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಹೋದವು. ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾಯಿತು, ಇತ್ತೀಚೆಗೆ ಉಸ್ಮಾನಾಬಾದ್ ಧಾರಾಶಿವವಾಯಿತು.

ನಕಾಶೆಯ ಈ ಗೆರೆಗಳು ಡ್ರಾಯಿಂಗ್ ತರಗತಿಯ ನಡುವೆಯೂ ಹಾದುಹೋದವು. ಅತ್ತ ಎಲಿಮೆಂಟರಿ, ಇಂಟರ್‌ಮೀಡಿಯೆಟ್. 1965ರಿಂದ ಅದಕ್ಕೆ ಮಹಾರಾಷ್ಟ್ರದ ಕಲಾ ಸಂಚಾಲನಾಲಯ ಎಂಬ ಪ್ರತ್ಯೇಕ ಇಲಾಖೆ. ಇತ್ತ ಲೋಯರ್ ಗ್ರೇಡ್, ಹೈಯರ್ ಗ್ರೇಡ್. ಅದಕ್ಕೆ ಕರ್ನಾಟಕದ ಪರೀಕ್ಷಾ ಮಂಡಳಿ. ಅತ್ತ ಶಿಕ್ಷಕನಾಗಲು ಎ.ಟಿ.ಡಿ. ಎಂಬ ಆರ್ಟ್ ಟೀಚರ್ ಡಿಪ್ಲೊಮಾ, ಇತ್ತ ಡ್ರಾಯಿಂಗ್ ಮಾಸ್ಟರ್, ಆರ್ಟ್ ಮಾಸ್ಟರ್ ಕೋರ್ಸು. ಕಲಬುರಗಿಯಲ್ಲಿ ವಿ.ಜಿ. ಅಂದಾನಿಯವರ ಐಡಿಯಲ್ ಫೈನ್ ಆರ್ಟ್ ಸಂಸ್ಥೆ, ಜೆ.ಎಸ್. ಖಂಡೇರಾವ್ ಮುನ್ನಡೆಸಿದ ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯ ಬಂದ ಮೇಲೆ ಬೀದರ, ಭಾಲ್ಕಿಯ ಹುಡುಗರು ಆ ಕಡೆ ನಡೆದರು. ಉದಗೀರ, ನಿಲಂಗಾದ ಹುಡುಗರು ಲಾತೂರು, ಸೊಲ್ಲಾಪುರ, ಔರಂಗಾಬಾದ, ಪುಣೆಯ ದಾರಿ ಹಿಡಿದರು. ಒಂದೇ ಸಂತೆಗೆ ಬರುವ ಎರಡು ಹಳ್ಳಿಯ ಮಕ್ಕಳು ಒಂದೇ ತಂಬಿಗೆಯನ್ನು ಎರಡು ರಾಜ್ಯಗಳ ಪರೀಕ್ಷೆಗೆ ತೆಗೆಯತೊಡಗಿದರು.

ಮಹಾರಾಷ್ಟ್ರದೊಳಗೇ ಇರುವ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳಲ್ಲಿ ಕನ್ನಡ ಶಾಲೆಗಳು ಇಂದಿಗೂ ನಡೆಯುತ್ತಿವೆ. ಅಷ್ಟು ಬಲ ಮರಾಠವಾಡದ ಈ ಅಂಚಿನ ಕನ್ನಡಕ್ಕೆ ಸಿಗಲಿಲ್ಲ. ಇಲ್ಲಿ ಅದು ಹೆಚ್ಚಾಗಿ ಅಡುಗೆಮನೆ, ಹೊಲ, ಮಠದ ಭಾಷೆಯಾಗಿ ಉಳಿಯಿತು. ಮರಾಠಿ ಬಾರದೆ ಐದನೆಯ ಇಯತ್ತೆಯ ಬೆಂಚಿನ ಮೇಲೆ ಮುದುಡಿ ಕೂತ ಮಗು ತಲೆ ಎತ್ತಿದ್ದು ಡ್ರಾಯಿಂಗ್ ತಾಸಿನಲ್ಲಿ. ಅಲ್ಲಿ ಉತ್ತರ ಹೇಳಬೇಕಿರಲಿಲ್ಲ, ತೆಗೆದು ತೋರಿಸಿದರೆ ಸಾಕಿತ್ತು. ಡ್ರಾಯಿಂಗ್ ಮಾಸ್ತರನಿಗೆ ಈ ಸೀಮೆಯ ಚರಿತ್ರೆಯಲ್ಲಿ ಒಂದು ಜಾಗ ಕೊಡಬೇಕೆನ್ನಲು ಇದೊಂದೇ ಕಾರಣ ಸಾಕು.

ಹಾಳಿ, ಬಣ್ಣ ಸಿಗುವುದು ಕ್ರಮೇಣ ಸುಲಭವಾಯಿತು. 1931ರಲ್ಲಿ ಮುಂಬೈಯ ದಾಂಡೇಕರರು ಕುದುರೆ ಮಾರ್ಕಿನ ಶಾಯಿ ಮಾಡಲು ಶುರು ಮಾಡಿದ ಕಂಪನಿಯೇ ಮುಂದೆ ಕ್ಯಾಮ್ಲಿನ್ ಆಗಿ, ಒಂಟೆ ಚಿತ್ರದ ಬಣ್ಣದ ಡಬ್ಬಿಗಳನ್ನು ತಾಲ್ಲೂಕಿನ ಪುಸ್ತಕದ ಅಂಗಡಿಯವರೆಗೆ ಮುಟ್ಟಿಸಿತು. ಆದರೂ ಒಂದು ಪೋಸ್ಟರ್ ಬಣ್ಣದ ಸೆಟ್ಟನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವುದು, ಬಿಳಿ ಬಣ್ಣ ಮೊದಲು ಖಾಲಿಯಾಗುವುದು, ಹಿಂದಿನ ವರ್ಷದವರ ಕಂಪಾಸ್ ಪೆಟ್ಟಿಗೆ ಕೈ ಬದಲಾಗುವುದು ನಡೆದೇ ಇತ್ತು. 'ಚಿತ್ರ ತಗದ್ರ ಹೊಟ್ಟಿ ತುಂಬ್ತದೇನು?' ಎಂಬ ಅಪ್ಪನ ಪ್ರಶ್ನೆಯೂ ಬದಲಾಗಲಿಲ್ಲ.

ಮಾಸ್ತರನ ಕೆಲಸ ಶಾಲೆಯ ಗಂಟೆಯೊಂದಿಗೆ ಮುಗಿಯುತ್ತಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹೊರಗಿನ ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಆ ದಿನದ ಸುವಿಚಾರ ಬರೆಯುವವನು ಅವನು. ಫಲಕಲೇಖನ ಎಂದು ಅದನ್ನು ಮರಾಠಿ ಶಾಲೆಗಳಲ್ಲಿ ಗೌರವದಿಂದಲೇ ಕರೆಯುತ್ತಾರೆ. ಆಗಸ್ಟ್ 15, ಜನವರಿ 26, ಸೆಪ್ಟೆಂಬರ್ 17ರ ಮುಕ್ತಿದಿನಕ್ಕೆ ಅಂಗಳದ ರಂಗೋಲಿ ಅವನದು. ಶಾಲೆಯ ವಾರ್ಷಿಕ ಗ್ಯಾದರಿಂಗಿನ ನಾಟಕಕ್ಕೆ ಅರಮನೆ, ಕಾಡು, ಬೀದಿಯ ಪರದೆ ಬರೆಯುವವನು ಅವನು. ಮುಖ್ಯ ಗುರುಗಳ ಕೋಣೆಯ ಗೋಡೆಯ ಮೇಲಿನ ಶಿವಾಜಿ ಮಹಾರಾಜರು, ಜೋತಿಬಾ ಫುಲೆ, ಡಾ. ಅಂಬೇಡ್ಕರ್, ಬಸವಣ್ಣ ಎಷ್ಟೋ ಕಡೆ ಶಾಲೆಯ ಮಾಸ್ತರನ ಕೈಯವೇ. ಊರಿನ ಸಾರ್ವಜನಿಕ ಗಣಪತಿಯ ಮಂಟಪಕ್ಕೂ ಅವನನ್ನೇ ಕರೆಯುತ್ತಿದ್ದರು. ರಜೆಯಲ್ಲಿ ಅಂಗಡಿ ಬೋರ್ಡು ಬರೆದು ನಾಲ್ಕು ಕಾಸು ಮಾಡಿಕೊಂಡವರೂ ಇದ್ದರು, ಅದರಲ್ಲಿ ಸಣ್ಣತನವೇನೂ ಇಲ್ಲ. ಮದುವೆ ಮನೆಯ ಗೋಡೆಗೆ ಆನೆ, ಕಳಸ, ವಧೂವರರ ಹೆಸರು ಬರೆದವನಿಗೆ ಊಟದ ಪಂಕ್ತಿಯಲ್ಲಿ ಒಳ್ಳೆಯ ಜಾಗ ಸಿಗುತ್ತಿತ್ತು.

ಈ ಸೀಮೆಯ ಹಬ್ಬಗಳೂ ಅವನ ತರಗತಿಗೆ ವಿಷಯ ಒದಗಿಸಿದವು. ಕನ್ನಡದವರ ಕಾರಹುಣ್ಣಿಮೆ ಮುಂಗಾರಿನ ಮೊದಲಲ್ಲಿ, ಮರಾಠಿಯವರ ಪೋಳಾ ಶ್ರಾವಣದ ಅಮಾವಾಸ್ಯೆಗೆ. ಎರಡರಲ್ಲೂ ಎತ್ತಿನ ಕೋಡಿಗೆ ಬಣ್ಣ, ಮೈಗೆ ಜೂಲು. ಗಡಿಯ ಮಗು ಎರಡನ್ನೂ ನೋಡಿ ಬೆಳೆದದ್ದರಿಂದ ಎತ್ತಿನ ಚಿತ್ರ ಕಣ್ಣು ಮುಚ್ಚಿ ತೆಗೆಯಬಲ್ಲದು. ಚಳಿಗಾಲದಲ್ಲಿ ಬರುವ ಎಳ್ಳಮಾಸಿ ಲಾತೂರು, ಧಾರಾಶಿವ ಜಿಲ್ಲೆಗಳಲ್ಲಿ ವೇಳಾ ಅಮಾವಾಸ್ಯೆ, ಯೆಳವಸ ಎಂಬ ಹೆಸರಿನಲ್ಲಿ ನಡೆಯುತ್ತದೆ. ಅಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಕೊಂಪಿ, ಅದರೊಳಗೆ ಸುಣ್ಣ ಬಳಿದ ಕಲ್ಲುಗಳ ಪೂಜೆ, ಭಜ್ಜಿ, ಅಂಬಲಿ, ರೊಟ್ಟಿ, ಹಸಿರು ಪೈರಿನ ನಡುವೆ ಸಾಲುಗಟ್ಟಿ ಕೂತ ಜನ. ಮಹಾರಾಷ್ಟ್ರದ ಬೇರೆ ಸೀಮೆಗಳವರಿಗೆ ಅಷ್ಟಾಗಿ ಪರಿಚಯವಿಲ್ಲದ ಈ ಹಬ್ಬ ಕರ್ನಾಟಕದ ಕಡೆಯಿಂದ ಇಲ್ಲಿಗೆ ಹಬ್ಬಿದ್ದು. ಇಲ್ಲಿನ ಮಕ್ಕಳ ನೆನಪಿನ ಕಣಜದಲ್ಲಿ ಇದಕ್ಕಿಂತ ಬಣ್ಣ ತುಂಬಿದ ದಿನ ಇನ್ನೊಂದಿಲ್ಲ.

1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ಊರೂರಿನ ಗಣಪತಿಗಳನ್ನು ಬಿಟ್ಟು ಬಂದ ಜನ ತಡರಾತ್ರಿ ಮಲಗಿದ್ದರು. ಮರುದಿನ ನಸುಕಿನ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಆಗಿನ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರು ಸುತ್ತಲಿನ ಹಳ್ಳಿಗಳಲ್ಲಿ ಸಾವಿರಾರು ಜನ ಸತ್ತರು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ; ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆಂದು ತಲೆಮಾರುಗಳಿಂದ ನಂಬಿದ್ದ ಮನೆಗಳೇ ಮೇಲೆ ಬಿದ್ದವು. ಮರಣದ ಲೆಕ್ಕದ ಮುಂದೆ ಬೇರೆ ಯಾವ ನಷ್ಟದ ಮಾತನ್ನೂ ಎತ್ತಲು ಬಾಯಿ ಬರುವುದಿಲ್ಲ. ಆದರೆ ಇತಿಹಾಸ ಬರೆಯುವವರು ಅದನ್ನೂ ಬರೆದಿಡಬೇಕು. ಕೆತ್ತನೆಯ ಬಾಗಿಲು ಚೌಕಟ್ಟು, ಗೂಡುಗಳು, ಗೋಡೆ ಮೇಲಿನ ಮದುವೆಯ ಚಿತ್ರ, ಹಳೆಯ ಶಾಲೆಗಳ ಕಪಾಟಿನಲ್ಲಿದ್ದ ಮಕ್ಕಳ ಡ್ರಾಯಿಂಗ್ ಹಾಳಿ, ಎಲ್ಲ ಮಣ್ಣಾದವು. 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಹಳೆಯ ಊರಿನ ಸಂದಿಗೊಂದಿ ಹೋಗಿ, ಪಟ್ಟಿಕಡ್ಡಿ ಇಟ್ಟು ಗೆರೆ ಎಳೆದಂಥ ಬೀದಿಗಳು ಬಂದವು.

ಅದಾದ ಒಂದೆರಡು ದಶಕದೊಳಗೆ ಮಾಸ್ತರನ ಇನ್ನೊಂದು ಆಸರೆಯೂ ಕಳಚಿತು. ಫ್ಲೆಕ್ಸ್ ಮುದ್ರಣ ಬಂತು. ಒಂದು ದಿನಪೂರ್ತಿ ಕೂತು ಬರೆಯುತ್ತಿದ್ದ ಬೋರ್ಡು ಕೆಲವೇ ನಿಮಿಷದಲ್ಲಿ ಯಂತ್ರದಿಂದ ಹೊರಬರತೊಡಗಿತು. ಉಮರ್ಗಾ ಚೌಕದ ಬೋರ್ಡಿಗೂ ಹುಮನಾಬಾದಿನ ಬೋರ್ಡಿಗೂ ಈಗ ಅಕ್ಷರದ ಮೈಕಟ್ಟಿನಲ್ಲಿ ವ್ಯತ್ಯಾಸವಿಲ್ಲ. ಅಕ್ಷರ ನೋಡಿ ಬರೆದವನ ಹೆಸರು ಹೇಳುವ ಕಾಲ ಹೋಯಿತು.

ಶಾಲೆಯೊಳಗಿನ ಜಾಗವೂ ಸಣ್ಣದಾಗುತ್ತಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆ ಬೇಕೆಂದು ಹೇಳಿತು. ನಾಲ್ಕು ವರ್ಷಕ್ಕೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೆಯ ತರಗತಿಯ ಶಾಲೆಗೆ ವಿಜ್ಞಾನ–ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ಶಿಕ್ಷಕರಿರಬೇಕೆಂದು ಹೇಳಿ, ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ಅರೆಕಾಲಿಕರು ಸಾಕೆಂದಿತು. ಅದೂ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ. ಗಡಿಯ ಹಳ್ಳಿಗಳಲ್ಲಿ 100 ಮಕ್ಕಳಿಲ್ಲದ ಶಾಲೆಗಳೇ ಬಹಳ. ಭಾಷೆಯ ತೊಡಕಿರುವ, ಚಿತ್ರದ ತಾಸು ಎಲ್ಲಕ್ಕಿಂತ ಹೆಚ್ಚು ಬೇಕಾದ ಮಕ್ಕಳಿಗೇ ಅದು ಸಿಗದಂತೆ ಈ ನಿಯಮ ಮಾಡಿದೆ. ಇದು ತಪ್ಪು ನಿಯಮ. ಎರಡೂ ರಾಜ್ಯಗಳು ಇದನ್ನು ತಿದ್ದಬೇಕು, ಗಡಿ ತಾಲ್ಲೂಕುಗಳಲ್ಲಾದರೂ ಮಕ್ಕಳ ಲೆಕ್ಕ ನೋಡದೆ ಪೂರ್ಣಾವಧಿಯ ಚಿತ್ರಕಲಾ ಶಿಕ್ಷಕರನ್ನು ಕೊಡಬೇಕು.

ನಿವೃತ್ತರಾದ ಮಾಸ್ತರರು ಅನೇಕರು ಇನ್ನೂ ಇದ್ದಾರೆ. ಅವರ ಪೆಟ್ಟಿಗೆಗಳಲ್ಲಿ ಜಲವರ್ಣದ ಭೂದೃಶ್ಯ, ಊರಿನ ಹಿರಿಯರ ಭಾವಚಿತ್ರ, ನಾಟಕದ ಪರದೆಯ ಕಚ್ಚಾ ನಕಾಶೆ, ಮೂರು ಲಿಪಿಯ ಅಕ್ಷರದ ಪಟ್ಟಿಗಳು ಗೆದ್ದಲಿಗೆ ಕಾದು ಕೂತಿವೆ. 2022ರ ಏಪ್ರಿಲಿನಲ್ಲಿ ಉದಗೀರದಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ಬೀದರ ಜಿಲ್ಲೆಯಲ್ಲಿ ಕನ್ನಡ ಸಮ್ಮೇಳನಗಳು ನಡೆಯುತ್ತಲೇ ಇರುತ್ತವೆ. ಎರಡೂ ಕಡೆಯ ಸಂಘಟಕರು ಮುಂದಿನ ಸಲ ಒಂದು ಗೋಡೆಯನ್ನು ಈ ಮಾಸ್ತರರ ಚಿತ್ರಗಳಿಗೆ ಬಿಟ್ಟುಕೊಟ್ಟರೆ ದೊಡ್ಡ ಉಪಕಾರವಾದೀತು.

ಓದುಗರಲ್ಲೂ ಒಂದು ಕೋರಿಕೆ. ಉಮರ್ಗಾ, ಮುರುಮ, ನಿಲಂಗಾ, ಕಾಸಾರ ಸಿರಸಿ, ಔರಾದ ಶಹಾಜಾನಿ, ಉದಗೀರ, ಕಮಲನಗರ, ಭಾಲ್ಕಿ, ಯಾವ ಊರಿನವರೇ ಇರಲಿ, ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಡ್ರಾಯಿಂಗ್ ಹಾಳಿ, ಕೈಬರಹದ ಬೋರ್ಡು, ಮಾಸ್ತರರು ತೆಗೆದ ಅಜ್ಜನ ಚಿತ್ರ ಇದ್ದರೆ ಕೆಳಗಿಳಿಸಿ ಧೂಳು ಒರೆಸಿ. ಅದರ ಹಿಂಬದಿಗೆ ತೆಗೆದವರ ಹೆಸರು, ಸಾಲಿಯ ಹೆಸರು, ನೆನಪಿದ್ದರೆ ಇಸವಿ, ಇಷ್ಟನ್ನು ಪೆನ್ಸಿಲಿನಿಂದ ಬರೆದಿಡಿ.